ಮುಂದಿನ ವ್ಯಾನು ಎರಡೂವರೆಗೆ

ಚೀಲ ಇಲ್ಲೇ ಬಿಡಿ, ನನ್ನ ಸೀಟಿನ ಕೆಳಗೆ.
ಕಳ್ಳರಿದ್ದಾರೆ ಅಂತಲ್ಲ, ನಾಯಿಗಳಿವೆ,
ನಿಮ್ಮ ಚೀಲದಲ್ಲಿ ಚೀಸಿನ ರೊಟ್ಟಿಯ ವಾಸನೆಯೂ ಇದೆ.
ವ್ಯಾನು ಹೊರಡುವುದು ಎರಡೂವರೆಗೆ,
ಅಂದರೆ ಮೂರಕ್ಕೆ,
ಅಂದರೆ ಹದಿನಾಲ್ಕು ಜನ ತುಂಬಿದ ಮೇಲೆ.

ಕೋಟೆಗೆ ಹೋಗಬೇಡಿ.
ಕೋಟೆ ಫೋಟೊದಲ್ಲೇ ಚೆಂದ; ಹತ್ತಿ ನಿಂತರೆ
ನೀವು ಈಗಷ್ಟೇ ಬಂದ ರಸ್ತೆ ಕಾಣುತ್ತದೆ, ಅಷ್ಟೆ.
ಬೇಕರಿಯ ಮಹಡಿಯಲ್ಲಿ ಹಳೆಯ ಜೇನುಪೆಟ್ಟಿಗೆಗಳ ಕೋಣೆಯೊಂದಿದೆ,
ಕೀಲಿ ರೊಟ್ಟಿ ಸುಡುವ ಹುಡುಗನ ಹತ್ತಿರ,
ಅವನು ಈ ಹೊತ್ತಿಗೆ ಮಲಗಿರುತ್ತಾನೆ.
ಒಳ್ಳೆಯದೇ ಅದೂ. ಆದರೆ ಒಂದು ಪೆಟ್ಟಿಗೆ
ಇನ್ನೂ ಖಾಲಿಯಾಗಿಲ್ಲ. ಹೋದ ವರ್ಷ
ಪೋಲೆಂಡಿನವನೊಬ್ಬನ ಕಿವಿ... ಇರಲಿ ಬಿಡಿ.

ಸೇತುವೆ ದಾಟಿ.
ಬಲಗಡೆಯ ಹಸಿರು ಬಾಗಿಲು, ಎಡಗಡೆಯದಲ್ಲ,
ಎಡಗಡೆಯದು ಹಲ್ಲಿನ ಡಾಕ್ಟರದು.
ತಟ್ಟಿ. ಜೋರಾಗಿ ತಟ್ಟಿ.
ತ್ಸಿಯಾಲಾಗೆ ಒಂದು ಕಿವಿ ಮಂದ,
ಇನ್ನೊಂದು ಕಿವಿ ರೇಡಿಯೊದ ಪಾಲು.

ಕಳ್ಳತೂಕಗಳ ಮ್ಯೂಸಿಯಂ ಅದು.
ನಗಿ, ನಗಿ, ಎಲ್ಲರೂ ನಗುತ್ತಾರೆ.
ಈ ಊರಿನ ಪೇಟೆ ತಲೆಮಾರುಗಟ್ಟಲೆ ಮಾಡಿದ ಮೋಸವೆಲ್ಲ
ನಾಲ್ಕು ಕಪಾಟಿನಲ್ಲಿ ಕೂತಿದೆ:
ಹೊಟ್ಟೆ ಕೊರೆದು ಬಿರಡೆ ತುಂಬಿದ ಕಬ್ಬಿಣದ ಬಟ್ಟು,
ಅಡಿಗೆ ಮೇಣ ಮೆತ್ತಿದ ತಟ್ಟೆ,
ಒಂದು ತೋಳು ಕೂದಲೆಳೆಯಷ್ಟು ಉದ್ದದ ತಕ್ಕಡಿ,
ಎರಡು ತಳದ ವೈನಿನ ಕೊಡ,
ಗಜಕ್ಕೆ ನಾಲ್ಕು ಬೆರಳು ಸುಳ್ಳು ಹೇಳುವ ಅಳತೆಗೋಲು.
ಪ್ರತಿಯೊಂದಕ್ಕೂ ಚೀಟಿ ಕಟ್ಟಿದೆ:
ಯಾರದು, ಯಾವ ಸಂತೆಯಲ್ಲಿ ಸಿಕ್ಕಿಬಿತ್ತು, ದಂಡ ಎಷ್ಟು.
ಮೂರನೆಯ ಕಪಾಟಿನ ಕೆಳಸಾಲಿನಲ್ಲಿ
ಬೆಸಾರಿಯೋನ್ ಅಂತ ಒಂದು ಹೆಸರಿದೆ. ನನ್ನ ಅಜ್ಜ.
ಅಕ್ರೋಟು ಮಾರುತ್ತಿದ್ದ.
ಕಿಲೊಗೆ ಎಂಬತ್ತು ಗ್ರಾಮು, ಮನೆಯಲ್ಲಿ ಏಳು ಮಕ್ಕಳು;
ನೀವೇ ಭಾಗಿಸಿ ನೋಡಿ.
ನಾನು ಜೊತೆಗಿದ್ದರೆ ತ್ಸಿಯಾಲಾ
ಆ ಚೀಟಿ ಓದುವುದಿಲ್ಲ, ಕೆಮ್ಮುತ್ತಾಳೆ.
ಹಿಡಿದವನು ಅವಳ ಅಪ್ಪ.
ತೂಕದ ಇನ್‌ಸ್ಪೆಕ್ಟರು. ಹತ್ತು ಗ್ರಾಮಿಗೆ
ಸ್ವಂತ ಭಾವನ ಅಂಗಡಿ ಮುಚ್ಚಿಸಿದವನು.

ತಿಬ್ಲಿಸಿಯಲ್ಲಿ ಗಾಜಿಗೆ ಮೂಗು ತಾಗಿದರೂ
ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ.
ಇಲ್ಲಿ ಕೈಗೇ ಕೊಡುತ್ತಾಳೆ.
ಒಂದು ಅಂಗೈಯಲ್ಲಿ ನಿಜ, ಒಂದರಲ್ಲಿ ಸುಳ್ಳು,
ಕಣ್ಣು ಮುಚ್ಚು, ಯಾವುದು ಯಾವುದು ಹೇಳು ಅನ್ನುತ್ತಾಳೆ.
ಇಪ್ಪತ್ತು ಸಲ ಹಿಡಿದಿದ್ದೇನೆ ನಾನು.
ಹನ್ನೊಂದು ಸಲ ತಪ್ಪಿದ್ದೇನೆ.

ಈಗ ಹೇಳುವುದು ನಮ್ಮೊಳಗಿರಲಿ.
ತಿಂಗಳಿಗೆ ಅರವತ್ತು ಜನ ಬಾರದಿದ್ದರೆ ಬೀಗ,
ಪುರಸಭೆಯ ಕಾಗದ ಬಂದಿದೆ.
ನವೆಂಬರಿನಲ್ಲಿ ಅರವತ್ತು ಜನ!
ನವೆಂಬರಿನಲ್ಲಿ ಇಲ್ಲಿ ಮೋಡ ಕೂಡ ನಿಲ್ಲದೆ ಹೋಗುತ್ತದೆ.
ಶಾಲೆಯ ಮಕ್ಕಳನ್ನು ಕರೆತಂದದ್ದಾಯಿತು,
ತಕ್ಕಡಿಗೆ ಕಪ್ಪೆ ಹಾಕಿದ ಹಾಗೆ,
ನಾಲ್ಕು ಒಳಗೆ ಬರುವಷ್ಟರಲ್ಲಿ ಆರು ಹೊರಗೆ.

ಅದಕ್ಕೇ, ಬಾಗಿಲ ಬಳಿಯ ದಪ್ಪ ಪುಸ್ತಕದಲ್ಲಿ
ನಿಮ್ಮ ಹೆಸರು ಬರೆಯಿರಿ. ಕೆಳಗೆ ನಿಮ್ಮ ಅಕ್ಕನದು,
ಪಕ್ಕದ ಮನೆಯವರದು, ತೀರಿಕೊಂಡ ಮೇಷ್ಟರಿದ್ದರೆ ಅವರದು.
ಅಕ್ಷರ ಸ್ವಲ್ಪ ಓರೆಯಾಗಲಿ, ಶಾಯಿ ಬದಲಾಗಲಿ.
ಹಲ್ಲಿನ ಡಾಕ್ಟರು ತನ್ನ ರೋಗಿಗಳನ್ನು ಬರೆಯುತ್ತಾನೆ,
ನಾನು ಪಾರ್ಸೆಲ್ಲುಗಳ ಮೇಲಿನ ವಿಳಾಸಗಳನ್ನು.
ನೀವು ಪೆನ್ನು ಎತ್ತಿದ ತಕ್ಷಣ ಇನ್‌ಸ್ಪೆಕ್ಟರ ಮಗಳು
ಬೆನ್ನು ತಿರುಗಿಸಿ ಕಿಟಕಿ ಒರೆಸಲು ನಿಲ್ಲುತ್ತಾಳೆ.
ಆ ಕಿಟಕಿಯಷ್ಟು ಶುಭ್ರವಾದ ಗಾಜು
ಈ ಕಣಿವೆಯಲ್ಲಿ ಇನ್ನೊಂದಿಲ್ಲ.

ಹೊರಡುವಾಗ ಹಿತ್ತಲ ಮರದ ಅಕ್ರೋಟು
ಒಂದು ಪೊಟ್ಟಣ ಕೊಡುತ್ತಾಳೆ. ಅರ್ಧ ಕಿಲೊ ಅನ್ನುತ್ತಾಳೆ.
ಅರ್ಧ ಕಿಲೊ ದುಡ್ಡು ಕೊಡಿ, ತೂಗಲು ಹೋಗಬೇಡಿ.
ನಾನು ಒಮ್ಮೆ ತೂಗಿದೆ.
ಐನೂರ ಎಂಬತ್ತಿತ್ತು.

ಹೋಗಿ ಬನ್ನಿ, ಅವಸರವಿಲ್ಲ.
ನನಗಿನ್ನೂ ಒಂಬತ್ತು ಜನ ಬೇಕು.