ಮೈಕ್ ಟೆಸ್ಟಿಂಗ್

ನನಗೆ ಬರುವುದೊಂದೇ ಹಾಡು:
ಹಲೋ, ಹಲೋ, ಒಂದು, ಎರಡು, ಮೂರು.
ಇಪ್ಪತ್ತಾರು ವರ್ಷದಿಂದ ಅದನ್ನೇ ಹಾಡುತ್ತಿದ್ದೇನೆ.
ಚಪ್ಪಾಳೆ ಬಿದ್ದಿಲ್ಲ, ತಾಳವೂ ತಪ್ಪಿಲ್ಲ.

ಮತ್ತಿಕೆರೆ. ರೈಲ್ವೆ ಕಾಂಪೌಂಡಿಗೆ ಬೆನ್ನು ಕೊಟ್ಟ ಭಜನೆ ಮಂದಿರ,
ಮೇಲೆ ತಗಡು, ಕೆಳಗೆ ಬಾಡಿಗೆ ಕುರ್ಚಿ ನೂರೈವತ್ತು,
ಅಂಬುಜಾಕ್ಷಿ ಮಿಸ್ ಪಾಠಶಾಲೆಯ ವಾರ್ಷಿಕೋತ್ಸವ.
ಒಂದೊಂದು ಮಗುವಿಗೂ ಒಂದೊಂದು ಎತ್ತರ;
ನಾನು ಬಗ್ಗಿ, ಸ್ಟ್ಯಾಂಡಿನ ತಿರುಪು ಸಡಿಲಿಸಿ
ಮೈಕನ್ನು ಅವರ ಬಾಯಿಯವರೆಗೆ ಇಳಿಸಬೇಕು.

ಜನಕ್ಕೆ ಕೇಳುವುದು ಹಾಡು.
ಕಿವಿಗೆ ಹೆಡ್‌ಫೋನು ಕಚ್ಚಿಸಿಕೊಂಡ ನನಗೆ
ಅದಕ್ಕೂ ಮೊದಲಿನದು ಕೇಳುತ್ತದೆ:
ಉಗುಳು ನುಂಗಿದ ಸದ್ದು, ಬಳೆ ನಡುಗಿದ್ದು,
ಬೂಸ್ಟ್ ಮಾತ್ರ ಕುಡಿದು ಬಂದ ಹೊಟ್ಟೆಯ ಗುರ್ರ್,
ಹಲ್ಲಿನ ಹಿಂದೆಯೇ ನಿಂತು ಹೊರಗೆ ಬರಲೊಲ್ಲದ ಸಾ.

ನನಗೆ ಒಂಬತ್ತಿದ್ದಾಗ, ಸ್ಕೂಲ್ ಡೇ ದಿನ,
ಹೆಸರು ಕೂಗಿದ ಕೂಡಲೇ ಪರದೆಯ ಹಿಂದೆ ಓಡಿದೆ.
ವೈರು ಕಾಲಿಗೆ ಸಿಕ್ಕಿ ಬಿದ್ದೆ.
ಆಮೇಲೆ ಆ ವೈರನ್ನೇ ಹಿಡಿದುಕೊಂಡು ಬದುಕಿದೆ, ಅದು ಬೇರೆ ಮಾತು.

'ಈಗ, ಡಿ. ಎಂ. ತನ್ಮಯಿ.'
ಎಂಟು ವರ್ಷ ಇರಬಹುದು. ಜಮಖಾನದ ಮೇಲೆ ಕೂತು
ಲಂಗವನ್ನು ಮೊಣಕಾಲ ಕೆಳಗೆ ಸಿಕ್ಕಿಸಿ
ನನ್ನ ಕಡೆ ನೋಡದೆ, 'ಇನ್ನೂ ಕೆಳಗೆ' ಅಂದಳು.
ಇಳಿಸಿದೆ.

ಪಲ್ಲವಿ ಚೆನ್ನಾಗಿಯೇ ಹೋಯಿತು.
ಅನುಪಲ್ಲವಿಯಲ್ಲಿ ಒಂದು ಪದ
ಕಿಸೆಯ ತೂತಿನಿಂದ ಜಾರಿದ ನಾಣ್ಯದ ಹಾಗೆ
ಎಲ್ಲೋ ಬಿತ್ತು.

ಶ್ರುತಿಪೆಟ್ಟಿಗೆ ಮಾತ್ರ ನಡೆಯುತ್ತಿತ್ತು.
ಮೃದಂಗದ ಹುಡುಗ ಬೆರಳೆತ್ತಿ ಹಿಡಿದ, ಸೀನು ತಡೆದವನಂತೆ.
ಮಿಸ್ಸಿನ ತುಟಿ ಆ ಪದವನ್ನು ಮುಂದಿನ ಸಾಲಿನಿಂದ ಎಸೆಯಿತು;
ಅವಳು ಹಿಡಿಯಲಿಲ್ಲ.
ಗಾರ್ಮೆಂಟ್ಸಿನಿಂದ ನೇರ ಬಂದ ಅವಳ ಅಮ್ಮ,
ಕೊರಳಲ್ಲಿ ಇನ್ನೂ ಐಡಿ ಕಾರ್ಡು,
ಚಿಪ್ಸ್ ಪ್ಯಾಕೆಟ್ಟಿನೊಳಗಿನ ಕೈಯನ್ನು ಹೊರಗೆ ತೆಗೆಯಲಿಲ್ಲ.
ಯಶವಂತಪುರದ ಕಡೆಯಿಂದ ರೈಲೊಂದು
ತನ್ನದೇ ಶ್ರುತಿಯಲ್ಲಿ ಕೂಗಿಕೊಂಡು ಹೋಯಿತು.

ನನ್ನ ಬೆರಳು ವಾಲ್ಯೂಮಿನ ಗುಂಡಿಯ ಮೇಲಿತ್ತು.
ಎಷ್ಟು ಮಂದಿ ದೊಡ್ಡವರ ಕೆಮ್ಮು, ಗೊಣಗು, ಬೈಗುಳ
ಈ ಬೆರಳು ನುಂಗಿದೆ.
ಇಳಿಸಿಬಿಟ್ಟು ಕೈ ಆಡಿಸಿದರೆ ಸಾಕು:
ಕರೆಂಟು ಹೋಯಿತು.
ಈ ಊರಿನಲ್ಲಿ ಯಾರೂ ಎದುರು ಪ್ರಶ್ನೆ ಕೇಳದ ಸುಳ್ಳು.

ಕಿವಿಯಲ್ಲಿ ಅವಳ ಉಸಿರು.
ಒಳಗೆ. ಹೊರಗೆ. ಒಳಗೆ.
ಅಳುವಿನ ಉಸಿರಲ್ಲ, ಅದು ನನಗೆ ಗೊತ್ತು.

'ಮಿಸ್, ಮೊದಲಿಂದ ಹಾಡ್ತೀನಿ.'

ಹಾಡ್ಲಾ ಅಲ್ಲ. ಹಾಡ್ತೀನಿ.
ಇಡೀ ಹಾಲಿಗೆ ಕೇಳುವಂತೆ, ನನ್ನ ಎರಡೂ ಸ್ಪೀಕರುಗಳಲ್ಲಿ,
ರಸ್ತೆಯ ಇಡ್ಲಿ ಗಾಡಿಯವರೆಗೂ.

ಮತ್ತೆ ಪಲ್ಲವಿ. ಮತ್ತೆ ಅದೇ ತಿರುವು.
ಈ ಸಲ ಉಸಿರು ಹಿಡಿದವನು ನಾನು.
ಪದ ಬಂತು,
ನಮ್ಮ ಏರಿಯಾ ಬಸ್ಸಿನಂತೆ ಒಂಚೂರು ತಡವಾಗಿ, ವಾಲಿಕೊಂಡು;
ಹತ್ತಿಕೊಂಡಳು, ಹೋದಳು.

ಮುಗಿದ ಮೇಲೆ ಅವಳು ಮೊದಲು ಕೇಳಿದ್ದು ಚಿಪ್ಸು.
ಅದರಲ್ಲಿ ಉಳಿದದ್ದು ಪುಡಿ.
ಮುಂದಿನ ಹುಡುಗ ಅವಳಿಗಿಂತ ಗೇಣುದ್ದ ಹೆಚ್ಚು.
ಏರಿಸಲು ಹೋದೆ. 'ಬೇಡ ಅಂಕಲ್, ಅಲ್ಲೇ ಇರಲಿ' ಅಂದ.

ಹತ್ತೂವರೆಗೆ ವೈರು ಸುತ್ತುತ್ತಿದ್ದೆ.
ಕುರ್ಚಿಗಳು ಒಂದರ ಮೇಲೊಂದು ಏರುತ್ತಿದ್ದವು.
ಮೈಕು ಇನ್ನೂ ಅವಳ ಎತ್ತರದಲ್ಲೇ.
ಬಗ್ಗಿದರೆ ಸಾಲದು; ಜಮಖಾನದ ಮೇಲೆ ಕೂತೆ,
ಇಷ್ಟು ವರ್ಷದಲ್ಲಿ ಮೊದಲ ಸಲ, ಚಕ್ಕಳಮಕ್ಕಳ ಹಾಕಿ.
ಎದುರಿಗೆ ಯಾರೂ ಇಲ್ಲದಿದ್ದರೂ ನಾಲಿಗೆ ಒಣಗಿತು.

ಹಲೋ, ಅಂದೆ. ಒಂದು, ಎರಡು, ಮೂರು.
ಕುರ್ಚಿ ಎತ್ತುತ್ತಿದ್ದ ಹುಡುಗ ತಿರುಗಿದ, 'ಅಣ್ಣಾ, ಮುಗೀತಲ್ಲ?'

ನಾಲ್ಕು, ಅಂದೆ.
ತಗಡಿನ ಮಾಡು ಅದನ್ನೂ ಒಮ್ಮೆ ಹೇಳಿ ನೋಡಿತು.