ಎರಡು ಖಾಲಿ ಗೆರೆ

ಇಬ್ಬರು ಸಾಕ್ಷಿ ಬೇಕಂತೆ,
ಆ ದಿನ ನಾನು ಹಿರೋಶಿಮಾದಲ್ಲಿದ್ದೆ ಅನ್ನೋದಕ್ಕೆ.
ಅರ್ಜಿಯಲ್ಲಿ ಎರಡು ಗೆರೆ ಖಾಲಿ ಬಿಟ್ಟಿದ್ದಾರೆ.
ಹಪ್‌ಚಿಯೋನ್ ಕಚೇರಿಯ ಈ ಹುಡುಗ ಒಳ್ಳೆಯವನು,
ಕನ್ನಡಕ ಒರೆಸಿಕೊಂಡು ಮತ್ತೆ ಕೇಳುತ್ತಾನೆ:
ನೆರೆಹೊರೆಯವರು ಯಾರಾದರೂ, ಅಜ್ಜಿ?

ಇದ್ದರು, ಮಗಾ.
ಬಲಕ್ಕೆ ತೊಮೆ. ನಮ್ಮ ಸೌಟು ಕೇಳಿ ಒಯ್ದವಳು
ಮರಳಿಸಲಿಲ್ಲ.
ಎಡಕ್ಕೆ ಮರದ ಮಿಲ್ಲಿನ ಚೂ, ಅವನ ಹೆಂಡತಿ,
ರಾತ್ರಿಯಿಡೀ ಜಗಳ, ಬೆಳಿಗ್ಗೆ ಒಂದೇ ಬಟ್ಟಲಲ್ಲಿ ಗಂಜಿ.
ತಮ್ಮ ಗಪ್ಸು, ಆರು ವರ್ಷ,
ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತಿದ್ದ.
ನೀರು ಬರುವ ಮೊದಲು ಬೆಳಕು ಬಂತು.

ಹೆಸರು ಬೇಕಾದರೆ ಬರೆದುಕೋ.
ಸಹಿ ಹಾಕಲು ಯಾರೂ ಬರುವುದಿಲ್ಲ.

ಊರಿಗೆ ಮರಳಿದಾಗ ಅವ್ವ ಅಂದಳು: ತೋಳು ಮುಚ್ಚಿಕೋ,
ಕೇಳಿದರೆ ಒಲೆಯ ಮೇಲೆ ಬಿದ್ದೆ ಅನ್ನು.
ಕಟ್ಟಿಕೊಂಡವನಿಗೂ ಒಲೆಯ ಕತೆಯೇ.
ಮೊದಲ ಕೂಸು ಮೂರೇ ದಿನಕ್ಕೆ ನೀಲಿಗಟ್ಟಿದಾಗ
ಅತ್ತೆ ನನ್ನ ತೋಳನ್ನೇ ನೋಡಿದಳು,
ಏನೂ ಕೇಳಲಿಲ್ಲ.

ಎಪ್ಪತ್ತು ತುಂಬಿದ ಚಳಿಗಾಲ, ಬಚ್ಚಲಲ್ಲಿ
ಭುಜದಿಂದ ಗಾಜಿನ ಚೂರೊಂದು ತಾನಾಗಿ ಹೊರಬಂತು.
ಅಕ್ಕಿಕಾಳಿನಷ್ಟು. ರಕ್ತವೇ ಇಲ್ಲ.
ಇಗೋ, ಗುಳಿಗೆ ಡಬ್ಬಿಯಲ್ಲಿದೆ.
ನಮ್ಮ ಕಿಟಕಿಯದೋ, ತೊಮೆಯ ಕಿಟಕಿಯದೋ,
ಯಾರಿಗೆ ಗೊತ್ತು.
ಹುಷಾರಾಗಿ ಹಿಡಿ, ಈಗಲೂ ಕುಯ್ಯುತ್ತದೆ.

ಹುಡುಗ ಮುಟ್ಟಲಿಲ್ಲ.
ಎದ್ದು ಹೋಗಿ ಲೋಟದಲ್ಲಿ ನೀರು ತಂದಿಟ್ಟ.
ತುಂಬಿದ ಲೋಟ, ತುಟಿಯಂಚಿನವರೆಗೆ.
ಯಾರ ಪಾಲಿನದೋ ಅನ್ನಿಸಿ
ಕುಡಿಯದೆ ಕೂತೆ.