ಕಾಯುವ ಪಾಳಿ

"ಬ್ರೆಡ್ಡು ತರ್ತೀನಿ, ಹತ್ತೇ ನಿಮಿಷ,
ಈ ಸಂಖ್ಯೆ ನೋಡ್ಕೊಂಡಿರು" ಅಂದ ಗ್ಲೆಬ್,
ಬೂಟಿನೊಳಗೆ ಕಾಲು ತೂರಿಸುತ್ತ.
"ಎಂಟು ಸಾವಿರ ದಾಟಿದರೆ ಈ ಲಿವರ್ ಎಳಿ.
ಬೇರೇನೂ ಮುಟ್ಟಬೇಡ, ಅಮ್ಮಾ.
ಫ್ಯಾನುಗಳನ್ನಂತೂ ಮುಟ್ಟಲೇಬೇಡ."

ಲಿಫ್ಟು ಕೆಟ್ಟಿದೆ. ಏಳು ಮಹಡಿಯ ಮೆಟ್ಟಿಲಲ್ಲಿ
ಅವನ ಸದ್ದು ಇಳಿಯುತ್ತ ಇಳಿಯುತ್ತ ಹೋಯಿತು.

ಪರದೆಯ ಮೇಲೆ ಒಂಬತ್ತು ಅಡ್ಡ, ಆರು ಉದ್ದ,
ಐವತ್ನಾಲ್ಕು ಮನೆಗಳ ಪೆಟ್ಟಿಗೆ.
ಯುರೇನಿಯಂ ಕಡ್ಡಿಗಳು ಹಸಿರು,
ಮಿಠಾಯಿ ಅಂಗಡಿಯ ಭರಣಿಯಲ್ಲಿಟ್ಟ ಹಾಗೆ.
ಪಕ್ಕದಲ್ಲಿ ಫ್ಯಾನು, ಅದರ ಪಕ್ಕ ತಾಮ್ರದ ಹಲಗೆ.
ಒಬ್ಬನಿಗೆ ಬಿಸಿ ಹೆಚ್ಚಾದರೆ ನೆರೆಯವನ ಹೆಗಲಿಗೆ,
ಅವನಿಗೂ ಹೆಚ್ಚಾದರೆ ಅದರಾಚೆಯವನಿಗೆ,
ಕೊನೆಯವನು ಗಾಳಿಗೆ ತೂರಬೇಕು.
ತೂರದಿದ್ದರೆ
ಮೂರು ತಿಂಗಳಿಂದ ಕಟ್ಟಿದ ಕೋಟೆ, ಗೋಧಿ ಹೊಲ,
ಹೆಸರಿಟ್ಟ ಎರಡು ಕುದುರೆ,
ಎಲ್ಲ ಸೇರಿ ಒಂದು ಗುಂಡಿ.

ಹೋದ ವಾರ ಹಾಗೇ ಆಯಿತು. ಊಟ ಬಿಟ್ಟ.
"ಲಾಯದಲ್ಲಿ ನಾನೇ ಕಟ್ಟಿಹಾಕಿದ್ದೆ" ಅಂದ, ಅಷ್ಟೇ.

೫,೮೭೦.
೫,೯೧೦.

ನಾನು ಹಗಲಿಡೀ ಅಸಲಿ ಸ್ಥಾವರವನ್ನು ಬಿಚ್ಚುವವಳು.
ವಿಸಾಗಿನಸ್ಸಿನ ಬೆಳಗಿನ ಬಸ್ಸು, ಬಿಳಿ ಅಂಗಿ,
ಎದೆಗೆ ಸಿಕ್ಕಿಸಿದ ಅಳತೆಯ ಬಿಲ್ಲೆ.
ಕೊಳವೆ ಕೊಯ್ಯುತ್ತೇನೆ, ಒರೆಸುತ್ತೇನೆ, ಅಳೆಯುತ್ತೇನೆ,
ಚೀಟಿ ಅಂಟಿಸುತ್ತೇನೆ.
ನಮ್ಮ ಮೊಮ್ಮಕ್ಕಳಿಗೂ ಇದರಲ್ಲೇ ನೌಕರಿ ಅಂತ
ಮೇಸ್ತ್ರಿ ಜಿಡ್ರೂನಾಸ್ ನಗುತ್ತಾನೆ.

ಇಪ್ಪತ್ತಮೂರರಲ್ಲಿ, ಅದೇ ಕಟ್ಟಡದ ಪಂಪಿನ ಪಾಳಿಯಲ್ಲಿ,
ಫಯೀನಾ ಪೆತ್ರೊವ್ನಾಳ ಪಕ್ಕ ಕೂತು ಕಲಿಯುತ್ತಿದ್ದೆ.
"ಹುಡುಗೀ, ಬೆಂಕಿ ಹಚ್ಚುವುದು ಯಾರಿಗೂ ಬರುತ್ತೆ.
ನಮ್ಮ ಕಸುಬು ಬಿಸಿಯನ್ನು ಬಾಗಿಲ ತನಕ ಬಿಟ್ಟುಬರುವುದು,
ಕುಡಿದ ನೆಂಟನನ್ನು ಸಾಗಹಾಕಿದ ಹಾಗೆ,
ಜಗಳವಾಡದೆ, ತೋಳು ಹಿಡಿದು."
ಬಿಟ್ಟುಬಂದದ್ದು ಸರೋವರಕ್ಕೆ. ಆ ಕಾಲುವೆಯ ಬಾಯಲ್ಲಿ
ಜನವರಿಯಲ್ಲೂ ಬಾತುಗಳು ಈಜುತ್ತಿದ್ದವು.
ಈಗ ಅಲ್ಲೇ ಹಿಮ ಕೊರೆದು, ಡಬ್ಬ ಬೋರಲು ಹಾಕಿ,
ಗಾಳ ಇಳಿಬಿಟ್ಟು ಕೂರುತ್ತಾರೆ.

೬,೧೪೦.
ಕೈ ತಾನಾಗಿ ಪೆನ್ನು ಹುಡುಕಿತು.
ಕರೆಂಟು ಬಿಲ್ಲಿನ ಬೆನ್ನಿಗೆ ಬರೆದೆ:
ಸಂಜೆ ೬.೦೪. ಏರಿಕೆ ನಿಧಾನ.
೬.೦೭. ಎರಡನೆಯ ಸಾಲಿನ ಮೂರನೆಯ ಫ್ಯಾನು ಕೆಂಪು.
ಗಮನಿಸಿದೆ. ಮುಟ್ಟಿಲ್ಲ.

ನೀರೂ ಕಾಯುತ್ತದೆ, ಕೂತವಳೂ ಕಾಯುತ್ತಾಳೆ,
ಮೊಟ್ಟೆಯ ಮೇಲಿನ ಕೋಳಿ ಕೊಡುವುದೂ ಕಾವೇ.
ಒಂದೇ ಬೇರಿನ ಮಾತು
ಇಷ್ಟು ಜನರನ್ನು ಹೇಗೆ ಸಾಕುತ್ತದೋ.

೭,೪೦೦.
೭,೯೬೦. ಬೆರಳು ಲಿವರಿನ ಮೇಲೆ.
ಇಪ್ಪತ್ತು ವರ್ಷದ ಮೇಲೆ ಅಂಗೈ ಬೆವರಿತು,
ಎರಡು ಬಣ್ಣದ ಕುದುರೆಗಳಿಗೋಸ್ಕರ.

ಆಗ ಒಂದು ಕಡ್ಡಿ, ಅದರ ಆಯಸ್ಸು ಮುಗಿದಿರಬೇಕು,
ಹಸಿರು ಕಳೆದು ಬೂದಿಯಾಯಿತು.
೭,೯೩೦. ೭,೮೮೦.
ನಾನೇನೂ ಮಾಡಲಿಲ್ಲ. ಅದನ್ನೂ ಬರೆದೆ.

ಗ್ಲೆಬ್ ಬಂದ, ಟೊಪ್ಪಿಯ ಮೇಲೆ ಹಿಮ,
ಬ್ರೆಡ್ಡಿನ ಒಂದು ಮೂಲೆ ಆಗಲೇ ಮಾಯ.
ಬಿಲ್ಲು ಓದಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ.
ಲಿವರ್ ಎಳೆದ. ನಾಲ್ಕೇ ಉಸಿರಿಗೆ
ಸೊನ್ನೆ.
"ಆರಿತು. ಬಾ, ಊಟ."

"ನಮ್ಮದನ್ನು ಆರಿಸಿದಾಗ ನೀನಿನ್ನೂ ಹುಟ್ಟಿರಲಿಲ್ಲ" ಅಂದೆ.
"ಆರಿಸಿದ್ದೇನೋ ಸರಿ, ಆರಬೇಕಲ್ಲ.
ಕಡ್ಡಿಗಳನ್ನು ನೀರಲ್ಲಿ ಮುಳುಗಿಸಿ ವರ್ಷಗಟ್ಟಲೆ ಇಟ್ಟಿದ್ದೆವು,
ಉರಿ ಹೋದರೂ ಒಳಗೆ ಕುದಿ."

ಅವನು ಅಗಿಯುವುದನ್ನು ನಿಲ್ಲಿಸಿದ.
"ಅಷ್ಟು ವರ್ಷ ಏನು ಮಾಡ್ತಿದ್ರಿ?"
"ಇದೇ" ಅಂದೆ, ಬಿಲ್ಲನ್ನು ಅವನತ್ತ ಸರಿಸಿ.
"ಪಾಳಿ ವಹಿಸಿಕೊಂಡವರು ಕೆಳಗೆ ಸಹಿ ಮಾಡಬೇಕು."

ಮಾಡಿದ, ಕೈ ಒರೆಸದೆ.
ಹೆಸರಿನ ಪಕ್ಕ ಬೆಣ್ಣೆ ಹರಡಿ
ಕಾಗದ ಅಷ್ಟಗಲ ಪಾರದರ್ಶಕವಾಯಿತು.
ಆಚೆಯ ಬದಿಯಲ್ಲಿ ಈ ತಿಂಗಳ
ಬಿಸಿನೀರಿನ ಬಾಕಿ ಕಾಣುತ್ತಿತ್ತು.